ಮಕ್ಕಳ ಮ್ಯಾಗ್ನೆಟಿಕ್ ಸ್ಟಾರ್ ಚಾರ್ಟ್: ಹಲ್ಲುಜ್ಜೋದಕ್ಕೆ ಓಕೆ, ಡ್ರಾಯಿಂಗ್‌ಗೆ ಬೇಡವೇ ಬೇಡ

ಐದಕ್ಕೆ ಮೂರೂವರೆ ಕೊಡ್ತೀನಿ. ಬೋರ್ಡ್‌ಗೆ ನಾಲ್ಕು, ಜೊತೆಗೆ ಬರೋ ಸೂಚನೆಗಳಿಗೆ ಒಂದೂವರೆ ಕೂಡ ಜಾಸ್ತಿನೇ.

499 ರೂಪಾಯಿಗೆ ತರಿಸಿದ್ದು. ಫ್ರಿಡ್ಜ್‌ಗೆ ಅಂಟೋ ಬೋರ್ಡು, ಕೆಲಸದ ಹೆಸರು ಪ್ರಿಂಟ್ ಆಗಿರೋ ಪಟ್ಟಿಗಳು, ಕೆಲಸ ಮಾಡಿದಾಗೆಲ್ಲಾ ಮಗು ಅಂಟಿಸೋ ಬಣ್ಣಬಣ್ಣದ ಸ್ಟಾರ್‌ಗಳು, ಬರೆದು ಒರೆಸೋ ಮಾರ್ಕರ್ ಒಂದು. ಪ್ರಿಂಟ್ ಚೆನ್ನಾಗಿದೆ, ಒದ್ದೆ ಬಟ್ಟೆಲಿ ಒರೆಸಿದ್ರೂ ಹೋಗಲ್ಲ, ಮಾರ್ಕರ್ ಮಾತ್ರ ಬೇಗ ಒಣಗೋಯ್ತು. ನಮ್ಮ ಮಗಳು ಯುಕೆಜಿ, ಬೆಳಿಗ್ಗೆ ವ್ಯಾನ್ ಬರೋ ಹೊತ್ತಿಗೆ ಹಲ್ಲುಜ್ಜಿಸಿ ಶೂ ಹಾಕ್ಸೋ ಅಷ್ಟರಲ್ಲಿ ಮನೆಮಂದಿಗೆಲ್ಲಾ ಸಾಕುಸಾಕಾಗೋದು, ಅದಕ್ಕೆ ಇದು ನಿಜವಾಗ್ಲೂ ಹೆಲ್ಪ್ ಆಯ್ತು. ತಂದ ಹೊಸದ್ರಲ್ಲೇ ಬಚ್ಚಲಿಂದ ಬಂದವಳೇ ಸ್ಟೂಲ್ ಎಳ್ಕೊಂಡು ಹೋಗಿ ತಾನೇ ಸ್ಟಾರ್ ಅಂಟಿಸ್ತಿದ್ಲು.

ಸಮಸ್ಯೆ ಇರೋದು ಬಾಕ್ಸ್ ಒಳಗಿನ ಹಾಳೆಲಿ. ಮಾಸ್ಲೋ ಪಿರಮಿಡ್ ಚಿತ್ರ, ಅಂದ್ರೆ ಮನುಷ್ಯನ ಅಗತ್ಯಗಳನ್ನ ಹಸಿವಿಂದ ಶುರುಮಾಡಿ ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿರೋ ಚಿತ್ರ ಹಾಕಿ, ಇದು ಸೈಕಾಲಜಿ ಆಧಾರದ ಮೇಲೆ ಮಾಡಿದ್ದು ಅಂತ ಬರೆದಿದಾರೆ. ನಾನು ಬಿ.ಎಡ್ ಮಾಡಿದೀನಿ, ಈ ವಿಷಯ ಇಷ್ಟಪಟ್ಟು ಓದಿದೀನಿ, ಅದಕ್ಕೇ ಇದನ್ನ ನೋಡಿ ಸುಮ್ನಿರೋಕಾಗ್ಲಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಅಬ್ರಹಾಂ ಮಾಸ್ಲೋ 1943ರಲ್ಲಿ ಬರೆದ ಲೇಖನದಲ್ಲಿ ಪಿರಮಿಡ್ಡೇ ಇಲ್ಲ, ಆ ಚಿತ್ರ ಬಂದಿದ್ದು ಎಷ್ಟೋ ವರ್ಷ ಆದ್ಮೇಲೆ, ಅದೂ ಬೇರೆಯವರ ಕೈಯಿಂದ. ಒಂದು ಮೆಟ್ಟಿಲು ಪೂರ್ತಿ ಮುಗಿದ್ಮೇಲೇ ಮುಂದಿಂದು ಅಂತಾನೂ ಅವರು ಹೇಳಿಲ್ಲ. ಸಾಮಾನ್ಯ ಮನುಷ್ಯನಿಗೆ ಹೊಟ್ಟೆಬಟ್ಟೆ ಥರದ ಅಗತ್ಯ 85%, ಸುರಕ್ಷತೆ 70%, ಪ್ರೀತಿ 50% ಹೀಗೆ ಎಲ್ಲಾನೂ ಒಟ್ಟೊಟ್ಟಿಗೇ ಅಷ್ಟಷ್ಟು ತೀರಿರುತ್ತೆ ಅಂತ ಉದಾಹರಣೆಗೆ ಲೆಕ್ಕ ಕೊಟ್ಟಿದ್ರು. ಅದಿರ್ಲಿ, ಸ್ಟಾರ್ ಚಾರ್ಟ್‌ಗೂ ಮಾಸ್ಲೋಗೂ ಏನು ಸಂಬಂಧ? ಇದರ ಬೇರು ಇರೋದು ಸ್ಕಿನ್ನರ್ ಅನ್ನೋ ಇನ್ನೊಬ್ಬ ಮನಶ್ಶಾಸ್ತ್ರಜ್ಞರ ಕಡೆ, ಬಹುಮಾನ ಸಿಕ್ಕಿದ ಕೆಲಸವನ್ನ ಪ್ರಾಣಿಯಾಗ್ಲಿ ಮನುಷ್ಯನಾಗ್ಲಿ ಮತ್ತೆ ಮಾಡ್ತಾನೆ ಅನ್ನೋ ಲೆಕ್ಕ. 1960ರ ದಶಕದಲ್ಲಿ ಆಯ್ಲನ್, ಅಜ್ರಿನ್ ಅಂತ ಇಬ್ಬರು ಅಮೆರಿಕದ ಇಲಿನಾಯ್ ರಾಜ್ಯದ ಒಂದು ಮಾನಸಿಕ ಆಸ್ಪತ್ರೆಲಿ ರೋಗಿಗಳಿಗೆ ಕೆಲಸ ಮಾಡಿದ್ರೆ ಟೋಕನ್ ಕೊಟ್ಟು, ಆ ಟೋಕನ್‌ಗೆ ಬೇಕಾದ್ದು ತಗೊಳ್ಳೋ ವ್ಯವಸ್ಥೆ ಮಾಡಿದ್ರು, ನಮ್ಮ ಫ್ರಿಡ್ಜ್ ಮೇಲಿನ ಸ್ಟಾರು ಆ ಟೋಕನ್ ವಂಶದ್ದೇ.

ಪಟ್ಟಿಗಳ ವಿಷಯಕ್ಕೆ ಬರ್ತೀನಿ, ತರಿಸೋರು ಮುಖ್ಯವಾಗಿ ನೋಡ್ಬೇಕಾಗಿರೋದು ಇದನ್ನ. ಹಲ್ಲುಜ್ಜೋದು, ಬ್ಯಾಗ್ ಜೋಡಿಸೋದು, ಆಟದ ಸಾಮಾನು ಎತ್ತಿಡೋದು ಇದಕ್ಕೆಲ್ಲಾ ಪಟ್ಟಿ ಇದೆ, ಸರಿ. ಅದರ ಜೊತೆಗೇ ಡ್ರಾಯಿಂಗ್ ಮಾಡೋದು, ಪುಸ್ತಕ ಓದೋದು, ಮನೆಯವರಿಗೆ ಸಹಾಯ ಮಾಡೋದು ಇದಕ್ಕೂ ಪಟ್ಟಿ ಕೊಟ್ಟಿದಾರೆ. ಈ ಮೂರನ್ನೂ ನಾನು ಬಾಕ್ಸಿಂದ ಹೊರಗೇ ತೆಗೀಲಿಲ್ಲ.

ಯಾಕಂದ್ರೆ 1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಅನ್ನೋ ಮೂರು ಜನ ಸ್ಟ್ಯಾನ್‌ಫರ್ಡ್‌ನ ನರ್ಸರಿ ಸ್ಕೂಲಲ್ಲಿ ಮಾಡಿದ ಪ್ರಯೋಗ ಸರಿಯಾಗಿ ಇದರ ಬಗ್ಗೆನೇ. ಮೊದಲೇ ಸ್ಕೆಚ್ ಪೆನ್ನಲ್ಲಿ ಚಿತ್ರ ಬರೆಯೋದು ಇಷ್ಟ ಇದ್ದ ಮಕ್ಕಳನ್ನೇ ಆರಿಸ್ಕೊಂಡ್ರು. ಒಂದು ಗುಂಪಿಗೆ ಚಿತ್ರ ಬರೆದ್ರೆ ಸರ್ಟಿಫಿಕೇಟ್ ಕೊಡ್ತೀವಿ ಅಂತ ಮುಂಚೆನೇ ಹೇಳಿದ್ರು, ಆ ಸರ್ಟಿಫಿಕೇಟ್ ಮೇಲೆ ಇದ್ದಿದ್ದೂ ಬಂಗಾರದ ಬಣ್ಣದ ಸ್ಟಾರೇ. ಇನ್ನೊಂದು ಗುಂಪಿಗೆ ಏನೂ ಹೇಳದೆ ಬರೆದಾದ್ಮೇಲೆ ಕೊಟ್ರು, ಮೂರನೇ ಗುಂಪಿಗೆ ಏನೂ ಇಲ್ಲ. ಒಂದೆರಡು ವಾರ ಬಿಟ್ಟು ಕ್ಲಾಸಲ್ಲಿ ಪೆನ್ನು ಹಾಳೆ ಸುಮ್ನೆ ಇಟ್ಟು ಗಮನಿಸಿದ್ರೆ, ಬಹುಮಾನದ ಆಸೆಗೆ ಬರೆದಿದ್ದ ಮಕ್ಕಳು ತಮ್ಮ ಸಮಯದಲ್ಲಿ ಸುಮಾರು 8.6% ಮಾತ್ರ ಚಿತ್ರಕ್ಕೆ ಕೊಟ್ರು, ಏನೂ ಸಿಗದವರು 16.7%, ಅಚಾನಕ್ಕಾಗಿ ಸಿಕ್ಕವರು 18.1%. ಅಂದ್ರೆ ತಾನಾಗೇ ಇದ್ದ ಇಷ್ಟ ಹೆಚ್ಚುಕಮ್ಮಿ ಅರ್ಧಕ್ಕೆ ಇಳೀತು.

ನಮ್ಮವಳು ಮನೆಗೆ ಬರೋ ಲಗ್ನಪತ್ರಿಕೆಗಳ ಹಿಂದೆಲ್ಲಾ ಚಿತ್ರ ಬರೀತಾಳೆ, ಗಣಪತಿ ಬರೆದ್ರೆ ಇಲಿಗೂ ಒಂದು ಲಾಡು ಕೊಟ್ಟಿರ್ತಾಳೆ, ಯಾರೂ ಬರಿ ಅಂತ ಹೇಳಿಲ್ಲ, ಊಟಕ್ಕೆ ಕರೆದ್ರೂ ಏಳಲ್ಲ. ಅಂಥ ಮಗುಗೆ ಡ್ರಾಯಿಂಗ್ ಮಾಡಿದ್ರೆ ಒಂದು ಸ್ಟಾರ್ ಅಂತ ಬೆಲೆ ಕಟ್ಟೋಕೆ ನನಗೆ ಮನಸ್ಸಿಲ್ಲ.

ಎಡ್ವರ್ಡ್ ಡೆಸಿ, ರಿಚರ್ಡ್ ರಯಾನ್ ಅನ್ನೋ ಇಬ್ಬರು ಮನಶ್ಶಾಸ್ತ್ರಜ್ಞರು ಬಹುಮಾನ, ಆಸಕ್ತಿಯ ಈ ವಿಷಯನ ಇನ್ನೂ ಮುಂದಕ್ಕೆ ತಗೊಂಡು ಹೋದ್ರು. ಅವರ ಪ್ರಕಾರ ಮನುಷ್ಯನಿಗೆ ಮನಸ್ಸಿನ ಅಗತ್ಯ ಮೂರು, ನನ್ನಿಷ್ಟಕ್ಕೆ ನಾನು ಮಾಡ್ತಿದೀನಿ ಅನ್ನೋದು, ನನ್ನ ಕೈಲಾಗುತ್ತೆ ಅನ್ನೋದು, ನನಗೆ ನನ್ನವರು ಅಂತ ಇದಾರೆ ಅನ್ನೋದು. 1999ರಲ್ಲಿ ಕೋಸ್ನರ್ ಅವರ ಜೊತೆ ಸೇರಿ 128 ಅಧ್ಯಯನಗಳನ್ನ ಒಟ್ಟಿಗೆ ಇಟ್ಟು ನೋಡಿದ್ರು, ಮೊದಲೇ ಹೇಳಿ ಕೊಡೋ ವಸ್ತು ರೂಪದ ಬಹುಮಾನ ಆಸಕ್ತಿ ಇರೋ ಕೆಲಸದಲ್ಲಿ ಆಸಕ್ತಿ ಕಡಿಮೆ ಮಾಡುತ್ತೆ, ಬೋರಿಂಗ್ ಕೆಲಸದಲ್ಲಿ ಆ ತೊಂದರೆ ಕಾಣ್ಲಿಲ್ಲ. ಹಲ್ಲುಜ್ಜೋದರಲ್ಲಿ ಮಗುಗೆ ಕಳ್ಕೊಳ್ಳೋಕೆ ಆಸಕ್ತಿನೇ ಇಲ್ವಲ್ಲ, ಅದಕ್ಕೇ ಅಲ್ಲಿ ಸ್ಟಾರ್ ಧೈರ್ಯವಾಗಿ ಕೊಡಬಹುದು.

ಸಹಾಯದ ಪಟ್ಟಿ ಬಗ್ಗೆ ಒಂದು ಮಾತು. ಅದನ್ನ ನಾವು ಹಾಕೇ ಇಲ್ಲ, ಆದ್ರೂ ಒಂದಿನ ನಮ್ಮತ್ತೆ ಮಾತ್ರೆ ತಗೊಳ್ಳೋವಾಗ ನೀರು ತಂದುಕೊಟ್ಟು "ಅಜ್ಜಿ, ಇದಕ್ಕೆ ಸ್ಟಾರ್ ಇಲ್ವಾ?" ಅಂತ ಕೇಳಿದ್ಲು. ನಮ್ಮತ್ತೆ ಲೋಟ ಕೆಳಗಿಟ್ಟು "ನೀನು ನನ್ನ ಮೊಮ್ಮಗಳಲ್ವೇನೆ, ನಂಗೆ ನೀರು ಕೊಡೋಕೆ ಯಾಕೆ ಸ್ಟಾರು" ಅಂತ ಹತ್ರ ಕೂರಿಸ್ಕೊಂಡ್ರು. ಈ ಪಟ್ಟಿ ತಯಾರಿಸಿದವರು ಇಷ್ಟು ಯೋಚನೆ ಮಾಡಿದ್ರೆ ಅದನ್ನ ಪ್ರಿಂಟೇ ಮಾಡ್ತಿರ್ಲಿಲ್ಲ.

ಇನ್ನೊಂದು, ತಪ್ಪು ಮಾಡಿದ್ರೆ ಸ್ಟಾರ್ ವಾಪಸ್ ಕಿತ್ಕೊಳ್ಳಿ ಅಂತ ಸೂಚನೆ ಇದೆ, ದಯವಿಟ್ಟು ಹಾಗೆ ಮಾಡ್ಬೇಡಿ, ಬೆಳಿಗ್ಗೆ ಮಾಡಿದ ಕೆಲಸ ಸಂಜೆ ಗಲಾಟೆ ಮಾಡಿದ್ಲು ಅಂತ ಮಾಡಿಲ್ಲದ ಹಾಗೆ ಆಗುತ್ತಾ? ಇಬ್ಬರು ಮಕ್ಕಳಿಗೆ ಅಂತ ಬೋರ್ಡಲ್ಲಿ ಅಕ್ಕಪಕ್ಕ ಎರಡು ಕಾಲಂ ಬೇರೆ ಕೊಟ್ಟಿದಾರೆ, ಅಣ್ಣಂಗೆ ಎಷ್ಟು ತಂಗಿಗೆ ಎಷ್ಟು ಅಂತ ಎಣಿಸೋಕೆ ಕೂರ್ತವೆ, ಬೇಡ.

ನಾವು ಬಳಸೋ ರೀತಿ ಹೇಳ್ತೀನಿ. ಯಾವ ಕೆಲಸ ಬೋರ್ಡಿಗೆ ಹಾಕೋದು ಅಂತ ಅವಳೇ ಆರಿಸ್ತಾಳೆ. ಒಂದು ಕೆಲಸ ಅಭ್ಯಾಸ ಆಯ್ತು ಅನ್ಸಿದ ತಕ್ಷಣ ಆ ಪಟ್ಟಿ ತೆಗೀತೀವಿ, ಹಲ್ಲುಜ್ಜೋದು ಈಗ ಬೋರ್ಡಲ್ಲಿಲ್ಲ, ಆದ್ರೂ ಉಜ್ತಾಳೆ. ಸ್ಟಾರ್ ತುಂಬಿದ್ರೆ ಚಾಕಲೇಟ್, ಆಟದ ಸಾಮಾನು ಏನೂ ಇಲ್ಲ, ಭಾನುವಾರ ಯಾವ ಪಾರ್ಕಿಗೆ ಹೋಗೋದು ಅಂತ ಅವಳು ಹೇಳ್ತಾಳೆ ಅಷ್ಟೆ. ಅಭ್ಯಾಸ ಆದ್ಮೇಲೆ ಹೀಗೆ ಪಟ್ಟಿ ತೆಗೆಯೋ ವಿಷಯದ ಬಗ್ಗೆ ಬಾಕ್ಸಲ್ಲಿ ಒಂದು ಸಾಲೂ ಇಲ್ಲ.

ದುಡ್ಡು ಉಳಿಸ್ಬೇಕು ಅನ್ನೋರು ಗೋಡೆ ಕ್ಯಾಲೆಂಡರ್ ಮೇಲೆ ಸ್ಟಿಕ್ಕರ್ ಬಿಂದಿ ಅಂಟಿಸಿದ್ರೂ ನಡೆಯುತ್ತೆ. ಬೋರ್ಡೇ ಬೇಕು ಅಂದ್ರೆ ಒಂದು ಗಮನದಲ್ಲಿಡಿ, ಸ್ಟಾರ್ ಹಿಂದೆ ಗುಂಡಿ ಥರದ ಚಿಕ್ಕ ಮ್ಯಾಗ್ನೆಟ್ ಅಂಟಿಸಿದಾರೆ, ನಮ್ಮದರಲ್ಲಿ ಎರಡು ಆಗ್ಲೇ ಕಿತ್ಕೊಂಡು ಬಂದ್ವು. ಒಂದಕ್ಕಿಂತ ಜಾಸ್ತಿ ಮ್ಯಾಗ್ನೆಟ್ ನುಂಗಿದ್ರೆ ಹೊಟ್ಟೆ ಒಳಗೆ ಒಂದನ್ನೊಂದು ಎಳ್ಕೊಂಡು ಕರುಳಿಗೇ ತೂತು ಬೀಳಬಹುದು. ಮನೆಲಿ ಬಾಯಿಗೆ ಹಾಕ್ಕೊಳ್ಳೋ ವಯಸ್ಸಿನ ಮಗು ಇದ್ರೆ ಇದನ್ನ ತರಿಸ್ಲೇಬೇಡಿ.