ಹೇಡ್ರಿಯನ್ ಗೋಡೆಗೆ ಹೋಗೋದಾ, ಆಂಟೊನೈನ್ ಗೋಡೆಗಾ?

ಬ್ರಿಟನ್ನಿನ ಉತ್ತರ ಗಡಿ ಕಾಯಲು ರೋಮನ್ನರು ಎರಡು ಗೋಡೆ ಕಟ್ಟಿದರು. ನೋಡಲು ಒಂದೇ ದಿನ ಇದೆ ಅಂದ್ರೆ ಯಾವುದಕ್ಕೆ ಹೋಗಬೇಕು?

ಮೊದಲ ಸಲ ಹೋಗುವವರು ಹೇಡ್ರಿಯನ್ ಗೋಡೆಗೇ ಹೋಗಿ. ಕ್ರಿ.ಶ. 122ರಲ್ಲಿ ಶುರುವಾದ ಇದರ ಉದ್ದ ಸುಮಾರು 117 ಕಿ.ಮೀ. ಹೆಚ್ಚಿನ ಭಾಗ ಕಲ್ಲಿನದು. ಪ್ರತಿ ರೋಮನ್ ಮೈಲಿಗೆ ಒಂದು ಪುಟ್ಟ ಕಾವಲು ಕೋಟೆ, ನಡುವೆ ಎರಡು ಗೋಪುರ. ಹೌಸ್‌ಸ್ಟೆಡ್ಸ್ ಕೋಟೆಯಲ್ಲಿ ಸೈನಿಕರು ಸಾಲಾಗಿ ಕೂರುತ್ತಿದ್ದ ಶೌಚಾಲಯದ ಕಾಲುವೆ ಈಗಲೂ ಹಾಗೇ ಇದೆ. ಪಕ್ಕದ ವಿಂಡೊಲಾಂಡಕ್ಕೆ ಮಾತ್ರ ತಪ್ಪದೆ ಹೋಗಿ. ಅದು ಗೋಡೆಗಿಂತಲೂ ಹಳೆಯ ಕೋಟೆ. ಅಲ್ಲಿ ತೆಳು ಮರದ ಹಲಗೆಗಳ ಮೇಲೆ ಶಾಯಿಯಲ್ಲಿ ಬರೆದ ಪತ್ರಗಳು ಸಿಕ್ಕಿವೆ. ಒಂದರಲ್ಲಿ ಯಾರಿಗೋ ಕಾಲುಚೀಲ, ಚಪ್ಪಲಿ, ಒಳಚಡ್ಡಿ ಕಳಿಸಿದ ಸುದ್ದಿ ಇದೆ. ಇನ್ನೊಂದು, ಕೋಟೆಯ ಅಧಿಕಾರಿಯ ಹೆಂಡತಿಯನ್ನು ಗೆಳತಿ ಹುಟ್ಟುಹಬ್ಬಕ್ಕೆ ಕರೆದ ಓಲೆ. ಗಡಿ ಅಂದ್ರೆ ಬರೀ ಕತ್ತಿ ಗುರಾಣಿ ಅಲ್ಲ ಅಲ್ವಾ? ನನಗಂತೂ ಗೋಡೆಗಿಂತ ಈ ಓಲೆಗಳೇ ಜಾಸ್ತಿ ಇಷ್ಟ.

ಆಂಟೊನೈನ್ ಗೋಡೆ ಇನ್ನೂ ಉತ್ತರಕ್ಕೆ, ಸ್ಕಾಟ್ಲೆಂಡಿನಲ್ಲಿದೆ. 142ರ ಹೊತ್ತಿಗೆ ಶುರುವಾಯಿತು, ಉದ್ದ ಸುಮಾರು 60 ಕಿ.ಮೀ. ಕಲ್ಲಿನ ತಳದ ಮೇಲೆ ಹುಲ್ಲುಹೆಂಟೆ ಪೇರಿಸಿದ್ದು, ಮುಂದೆ ಆಳವಾದ ಕಂದಕ. ಸುಮಾರು 20 ವರ್ಷಕ್ಕೇ ಸೈನ್ಯ ಹಳೆಯ ಗೋಡೆಗೆ ಹಿಂದಿರುಗಿತು. ಈಗ ಕಾಣೋದು ಬಹುಪಾಲು ಹಸಿರು ದಿಬ್ಬ. ಆದರೆ ಯುದ್ಧತಂತ್ರ ನಿಮ್ಮ ಆಸಕ್ತಿಯಾಗಿದ್ದರೆ, ಫಾಲ್ಕರ್ಕ್ ಬಳಿಯ ರಫ್ ಕ್ಯಾಸಲ್ ನೋಡಿ. ಶತ್ರುವಿನ ಕಾಲು ಸಿಕ್ಕಿಸಲು ತೋಡಿದ ಗುಂಡಿಗಳು ಅಲ್ಲಿ ಸಾಲುಸಾಲಾಗಿವೆ. ಎಡಿನ್‌ಬರೋ, ಗ್ಲಾಸ್ಗೋ ಎರಡೂ ಊರಿನಿಂದ ಹತ್ತಿರ.