ಹಾಯಿದೋಣಿಯ ಕ್ಯಾಬಿನ್ ನೆಲ: ಗಟ್ಟಿ ತೇಗವೋ, ತೇಗದ ಪ್ಲೈವುಡ್ಡೋ? ಯಾವುದಕ್ಕೆ ಯಾವ ವಾರ್ನಿಷ್?

ರಿಪೇರಿಗೆಂದು ದಡಕ್ಕೆ ಏರಿಸಿದ ಮೂವತ್ತು ಅಡಿಯ ಫೈಬರ್ ಹಾಯಿದೋಣಿಯ ಕ್ಯಾಬಿನ್ ನೆಲ ಕಿತ್ತು ನೋಡಿ. ಹಲಗೆ ಕೊಳೆತಿರುವುದು ಬಹುಮಟ್ಟಿಗೆ ಅಡಿಯಲ್ಲಿ ಮತ್ತು ಅಂಚುಗಳಲ್ಲಿ. ಮೇಲ್ಮೈಯನ್ನು ಕಾಲು ಸವೆಸುತ್ತದೆ, ಅಡಿಯನ್ನು ದೋಣಿಯ ತಳದಲ್ಲಿ ನೀರು ಸೇರುವ ಜಾಗವಾದ ಬಿಲ್ಜ್‌ನ ತೇವ ತಿನ್ನುತ್ತದೆ. ಆದ್ದರಿಂದ ಹಲಗೆ ಯಾವುದೆಂದು ಮೊದಲು ತೀರ್ಮಾನವಾಗಬೇಕು, ವಾರ್ನಿಷ್ ಆಮೇಲೆ. ಎರಡು ಬಗೆಯ ಹಲಗೆ, ಮೂರು ಬಗೆಯ ಲೇಪ ಬಳಸಿ ನೋಡಿ ನಾವು ಕಂಡದ್ದು ಇದು.

ಗಟ್ಟಿ ತೇಗದ ಬಲ ಅದರ ದಪ್ಪ. 18 ಮಿ.ಮೀ. ಹಲಗೆಯನ್ನು ಎಷ್ಟೋ ಸಲ ಉಜ್ಜಿ ಹೊಸದು ಮಾಡಬಹುದು. ಆದರೆ ಚದರ ಮೀಟರಿಗೆ ಸುಮಾರು 12 ಕೆ.ಜಿ. ತೂಗುತ್ತದೆ, ಮೇಲಾಗಿ ತೇವಕ್ಕೆ ಹಿಗ್ಗುತ್ತದೆ. 15 ಸೆಂ.ಮೀ. ಅಗಲದ ಹಲಗೆ ಬೇಸಿಗೆಯಿಂದ ಮಳೆಗಾಲಕ್ಕೆ ಒಂದು ಮಿಲಿಮೀಟರಿನಷ್ಟು ಅಗಲವಾಗುವುದು ಸಾಮಾನ್ಯ.

12 ಮಿ.ಮೀ. ಮರೀನ್ ಪ್ಲೈವುಡ್ ಮೇಲೆ ತೇಗದ ವೆನೀರ್ (ತೆಳು ಮರದ ಪದರ), ನಡುನಡುವೆ ಹಾಲಿ ಎಂಬ ಬಿಳಿ ಮರದ ಸಣ್ಣ ಪಟ್ಟಿ ಇರುವ ಹಾಳೆ ಹಗುರ, ಹಿಗ್ಗುವುದು ತೀರಾ ಕಡಿಮೆ. ಸಿದ್ಧ ಹಾಳೆ ಸಿಗದ ಕಡೆ ಐಎಸ್ 710 (ಮರೀನ್ ಪ್ಲೈವುಡ್ಡಿನ ಭಾರತೀಯ ಮಾನಕ) ಮುದ್ರೆಯ ಪ್ಲೈವುಡ್‌ಗೆ ತೇಗದ ವೆನೀರನ್ನು ಎಪಾಕ್ಸಿಯಿಂದ (ರಾಳಕ್ಕೆ ಹಾರ್ಡನರ್ ಎಂಬ ಗಟ್ಟಿಕಾರಕ ಕಲಸಿ ಮಾಡುವ ಅಂಟು) ಅಂಟಿಸಿಕೊಳ್ಳಬಹುದು. ಇದರ ದೌರ್ಬಲ್ಯವೆಂದರೆ ವೆನೀರ್ ಅರ್ಧ ಮಿಲಿಮೀಟರಿನ ಆಸುಪಾಸು ಮಾತ್ರ. 80ರ ಒರಟು ಉಪ್ಪುಕಾಗದ ಹಾಕಿದ ಯಂತ್ರ ಒಂದೇ ಕಡೆ ಸ್ವಲ್ಪ ಹೊತ್ತು ನಿಂತರೆ ಸಾಕು, ಅಡಿಯ ಪದರ ಕಾಣುತ್ತದೆ. ನಯವಾದ 180ರಿಂದಲೇ ಶುರುಮಾಡಿ, ಅದೂ ಕೈಯಲ್ಲಿ. ಎಲ್ಲ ತುಂಡುಗಳನ್ನೂ ಒಂದೇ ಹಾಳೆಯಿಂದ, ನೆಲದಲ್ಲಿ ಕೂರುವ ಕ್ರಮದಲ್ಲೇ ಕತ್ತರಿಸಿದರೆ ಬಿಳಿ ಗೆರೆಗಳು ತುಂಡಿನಿಂದ ತುಂಡಿಗೆ ಸೇರುತ್ತವೆ. ಉಬ್ಬಿದ ಹಳೆ ಹಲಗೆಯನ್ನು ಅಳತೆಗೆ ನಂಬಬೇಡಿ. ಹಾರ್ಡ್‌ಬೋರ್ಡ್ ಮಾದರಿ ಮಾಡಿ ಕೂರಿಸಿ ನೋಡಿ. ಸುತ್ತ 3 ಮಿ.ಮೀ. ಸಂದು ಬಿಡಿ. ಲೇಪ ಅಂಚಿನಲ್ಲೂ ದಪ್ಪವಾಗುತ್ತದೆ. ಬಿಗಿಯಾಗಿ ಕೂರಿಸಿದ ಹಲಗೆ ಎತ್ತಲು ಹೋದಾಗ ಸಿಕ್ಕಿಕೊಂಡು ವಾರ್ನಿಷ್ ಸಿಪ್ಪೆ ಏಳುತ್ತದೆ.

ಪ್ಲೈವುಡ್‌ನ ಅಡಿಗೂ ಅಂಚಿಗೂ ಎಪಾಕ್ಸಿ ಮೂರು ಕೋಟ್ ಬೇಕೇ ಬೇಕು. ನಾಲ್ಕು ಚದರ ಮೀಟರ್ ನೆಲಕ್ಕೆ ಒಂದೂವರೆ ಕೆ.ಜಿ. ಹಿಡಿಯುತ್ತದೆ. ಅಂಚಿನ ಕಡಿದ ನಾರು ಎಪಾಕ್ಸಿಯನ್ನು ನೀರಿನಂತೆ ಹೀರುವುದರಿಂದ ಮೊದಲ ಕೋಟ್ ಒಣಗುವ ಮುನ್ನವೇ ಅಲ್ಲಿ ಮತ್ತೊಮ್ಮೆ ಸವರಿ. ಸ್ಕ್ರೂ ತೂತುಗಳನ್ನು ದೊಡ್ಡದಾಗಿ ಕೊರೆದು, ದಪ್ಪ ಮಾಡಿದ ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಮತ್ತೆ ಕೊರೆಯಬೇಕು. ನಮ್ಮ ಕರಾವಳಿಯ ಸೆಕೆಯಲ್ಲಿ ನಿಧಾನದ ಹಾರ್ಡನರ್ ಕೊಳ್ಳಿ. ಕಲಸಿದ್ದನ್ನು ಲೋಟದಲ್ಲಿ ಬಿಡದೆ ಅಗಲ ತಟ್ಟೆಗೆ ಸುರಿಯಿರಿ, ಇಲ್ಲದಿದ್ದರೆ ತನ್ನ ಬಿಸಿಗೇ ಕುದಿದು ಗಟ್ಟಿಯಾಗುತ್ತದೆ. ಗಟ್ಟಿಯಾದ ಎಪಾಕ್ಸಿಯ ಮೇಲೆ ಮೇಣದಂಥ ಜಿಡ್ಡು ಕೂತಿದ್ದರೆ ನೀರು ಹಾಕಿ ಉಜ್ಜಿ ತೊಳೆದ ಮೇಲಷ್ಟೇ ಉಪ್ಪುಕಾಗದ ಹಿಡಿಯಿರಿ.

ಇನ್ನು ಮೇಲ್ಮೈ. ತೇಗ ಎಣ್ಣೆಯ ಮರ, ಹಚ್ಚುವ ಮುನ್ನ ಅಸಿಟೋನ್ ಬಟ್ಟೆಯಿಂದ ಒರೆಸಿ.

ಟಂಗ್ ಎಣ್ಣೆಯ ಸಾಂಪ್ರದಾಯಿಕ ವಾರ್ನಿಷ್ ಮೃದು, ಮರದೊಡನೆ ಬಾಗುತ್ತದೆ. ಮೊದಲ ಕೋಟ್‌ಗೆ ಅರ್ಧದಷ್ಟು ಥಿನ್ನರ್, ಎರಡನೆಯದಕ್ಕೆ ಕಾಲು ಭಾಗ, ಆಮೇಲೆ ಇನ್ನೂ ಕಡಿಮೆ. ದಿನಕ್ಕೊಂದೇ ಕೋಟ್, ನಡುವೆ 320ರಲ್ಲಿ ಉಜ್ಜಬೇಕು, ಒಟ್ಟು ಆರೇಳು ಕೋಟ್. ಗೀರು ಬಿದ್ದರೆ ಅಷ್ಟು ಜಾಗಕ್ಕೇ ಹಚ್ಚಿ ಸರಿಮಾಡಬಹುದು. ಗಟ್ಟಿ ತೇಗಕ್ಕೆ ನಮ್ಮ ಆಯ್ಕೆ ಇದೇ. ಆದರೆ ಮೆಟ್ಟಿಲ ಬುಡದಲ್ಲಿ ಬೇಗ ಸವೆಯುತ್ತದೆ. ಪೂರ್ತಿ ಪಕ್ವವಾಗದ ಎಪಾಕ್ಸಿಯ ಮೇಲೆ ಇದು ಒಣಗದೆ ಅಂಟಂಟಾಗಿಯೇ ಉಳಿಯುವುದೂ ಉಂಟು. ಮೂಲೆಯಲ್ಲೊಂದು ಕಡೆ ಹಚ್ಚಿ ನೋಡಿ ಮುಂದುವರಿಯಿರಿ.

ಒಂದೇ ಡಬ್ಬಿಯ ಪಾಲಿಯುರೆಥೇನ್ ನಡುಮಧ್ಯದ ಆಯ್ಕೆ. ಬೇಗ ಒಣಗುತ್ತದೆ, ತಕ್ಕಮಟ್ಟಿಗೆ ಗಟ್ಟಿ. ಸಮಯವಿಲ್ಲದಿದ್ದರೆ ಸರಿ, ಅಷ್ಟೇ.

ಹಾರ್ಡನರ್ ಬೆರೆಸಿ ಹಚ್ಚುವ ಎರಡು ಡಬ್ಬಿಯ ಪಾಲಿಯುರೆಥೇನ್ ಎಲ್ಲಕ್ಕಿಂತ ಗಟ್ಟಿ. ಅಲುಗಾಡದ ಪ್ಲೈವುಡ್ ಮೇಲೆ ಇದಕ್ಕೆ ಸಾಟಿಯಿಲ್ಲ: ತೆಳು ವೆನೀರನ್ನು ಮತ್ತೆ ಮತ್ತೆ ಉಜ್ಜುವ ಕೆಲಸವನ್ನೇ ತಪ್ಪಿಸುತ್ತದೆ. ಗಟ್ಟಿ ತೇಗದ ಮೇಲೆ ಮಾತ್ರ ಹಲಗೆ ಹಿಗ್ಗಿದ ಕಡೆ, ಸಂದುಗಳಲ್ಲಿ ಬಿರುಕು ಬಿಟ್ಟು ಒಳಗೆ ನೀರು ಸೇರಿ ಮರ ಕಪ್ಪಾಗುತ್ತದೆ. ಹಳೆ ಎಣ್ಣೆ ವಾರ್ನಿಷ್ ಮೇಲೆ ಹಚ್ಚಲೇಬೇಡಿ, ಇದರ ಥಿನ್ನರ್‌ಗೆ ಅಡಿಯ ಪದರ ಸುಕ್ಕುಗಟ್ಟಿ ಎದ್ದುಬಿಡುತ್ತದೆ. ಹಾರ್ಡನರ್‌ನಲ್ಲಿ ಉಸಿರಾಟಕ್ಕೆ ಹಾನಿಮಾಡುವ ಐಸೊಸಯನೇಟ್ ಇರುವುದರಿಂದ ಕ್ಯಾಬಿನ್ ಒಳಗೆ ಹಚ್ಚದೆ ಹಲಗೆಗಳನ್ನು ಹೊರಗೆ ತನ್ನಿ. ಬಟ್ಟೆಯ ಮಾಸ್ಕ್ ಸಾಲದು, ಅನಿಲ ತಡೆಯುವ ಕಾರ್ಟ್ರಿಜ್ ಇರುವ ಮುಖವಾಡವೇ ಬೇಕು. ತೇವದ ಗಾಳಿಯಲ್ಲಿ ಗುಳ್ಳೆ ಏಳುತ್ತದೆ. ಮಂಗಳೂರು, ಕಾರವಾರದ ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈಹಾಕಬೇಡಿ. ನವೆಂಬರಿನಿಂದ ಫೆಬ್ರವರಿವರೆಗೆ, ಬೆಳಗಿನ ಇಬ್ಬನಿ ಆರಿದ ಮೇಲೆ ಶುರುಮಾಡಿ ಮಧ್ಯಾಹ್ನದೊಳಗೆ ಮುಗಿಸಿ.

ಹೊಳಪಿನ ನೆಲ ಒದ್ದೆಯಾದರೆ ಜಾರುತ್ತದೆ. ದೋಣಿ ವಾಲಿದಾಗ ಅದು ನಿಜವಾದ ಅಪಾಯ. ಮೊದಲ ಕೋಟ್‌ಗಳು ಹೊಳಪಿನವೇ ಇರಲಿ, ಮರದ ಗೆರೆ ತಿಳಿಯಾಗಿ ಕಾಣುತ್ತದೆ. ಕೊನೆಯದನ್ನು ಮಾತ್ರ ಸ್ಯಾಟಿನ್ (ಮಂದ ಹೊಳಪಿನದು) ಮಾಡಿ, ಮೆಟ್ಟಿಲ ಬುಡ ಮತ್ತು ಒಲೆಯ ಮುಂದಿನ ಹಲಗೆಗಳಿಗೆ ಅದರಲ್ಲೇ ಜಾರದಂತೆ ತಡೆಯುವ ಸಣ್ಣ ಪ್ಲಾಸ್ಟಿಕ್ ಮಣಿಗಳ ಪುಡಿ ಬೆರೆಸಿ. ಪುಡಿ ತಳಕ್ಕೆ ಇಳಿಯುತ್ತದೆ, ಹಚ್ಚುವಷ್ಟು ಹೊತ್ತೂ ಕದಡುತ್ತಿರಬೇಕು. ಡಬ್ಬಿಯನ್ನು ಕುಲುಕಿದರೆ ಗಾಳಿ ಗುಳ್ಳೆ ಸೇರುತ್ತದೆ, ಕಡ್ಡಿಯಿಂದ ನಿಧಾನವಾಗಿ ತಿರುಗಿಸಿ.