ಆರ್ಗನ್‌ನ ರೋಟರಿ ಸ್ಪೀಕರ್: ಚರ್ಚಿಗೊಂದು ಹೊಂದಿಕೆ, ಮಂಗಲ ಕಾರ್ಯಾಲಯಕ್ಕೊಂದು

ಡಿಜಿಟಲ್ ಆರ್ಗನ್ ನುಡಿಸುವ ಹಲವರು, ಧ್ವನಿಯ ಬಣ್ಣ ಬದಲಿಸಲು ಎಳೆಯುವ ಒಂಬತ್ತು ಡ್ರಾಬಾರ್‌ಗಳಿಗೆ ಕೊಡುವಷ್ಟು ಗಮನವನ್ನು, ತಿರುಗುವ ಸ್ಪೀಕರಿನ ಧ್ವನಿಯನ್ನು ಅನುಕರಿಸುವ ರೋಟರಿ ಸ್ಪೀಕರ್ ಎಫೆಕ್ಟಿಗೆ ಕೊಡುವುದಿಲ್ಲ. ಸ್ಲೋ ಮತ್ತು ಫಾಸ್ಟ್ ಎಂಬ ಒಂದು ಬಟನ್ ಇದ್ದರೆ ಸಾಕೆಂದು, ಕೀಬೋರ್ಡಿನೊಂದಿಗೆ ಬಂದ ಅಂಕಿಗಳನ್ನೇ ಉಳಿಸಿಕೊಳ್ಳುತ್ತಾರೆ. ಬೆಳಗಾವಿಯ ಕ್ಯಾಂಪ್ ಭಾಗದ ಚರ್ಚೊಂದರಲ್ಲಿ ಭಾನುವಾರದ ಆರಾಧನೆಗೂ, ಮದುವೆಯ ಹಂಗಾಮಿನಲ್ಲಿ ಮಂಗಲ ಕಾರ್ಯಾಲಯಗಳ ಆರ್ಕೆಸ್ಟ್ರಾಕ್ಕೂ ಒಂದೇ ಕೀಬೋರ್ಡನ್ನು ಒಯ್ಯುವ ನನಗೆ ಆ ಅಂಕಿಗಳು ಎರಡೂ ಕಡೆ ಸಾಲಲಿಲ್ಲ. ಹೀಗಾಗಿ ಮೂಲ ಹೊಂದಿಕೆಯನ್ನು ಒಂದು ಮೆಮೊರಿಯಲ್ಲಿಯೂ ನಾನು ಬದಲಿಸಿದ್ದನ್ನು ಪಕ್ಕದ ಮೆಮೊರಿಯಲ್ಲಿಯೂ ಇಟ್ಟು, ಅದೇ ಹಾಡನ್ನು ಅದೇ ಜಾಗದಲ್ಲಿ ಎರಡರಲ್ಲಿಯೂ ನುಡಿಸಿ ಕೇಳುತ್ತ ಬಂದೆ.

ಕೀಬೋರ್ಡು ಅನುಕರಿಸುವ ಮೂಲ ಯಂತ್ರವನ್ನು ಮೊದಲು ತಿಳಿದಿರಬೇಕು. ಹ್ಯಾಮಂಡ್ ಆರ್ಗನ್ 1935ರಲ್ಲಿ ಮಾರುಕಟ್ಟೆಗೆ ಬಂದಿತು. ಅದರ ನೇರವಾದ, ಅಲುಗಾಡದ ಧ್ವನಿ ತೃಪ್ತಿ ಕೊಡದ ಕಾರಣ ಅಮೆರಿಕದ ಡೊನಾಲ್ಡ್ ಲೆಸ್ಲಿ ಅವರು 1940ರ ದಶಕದ ಆರಂಭದಲ್ಲಿ ತಿರುಗುವ ಸ್ಪೀಕರಿನ ಪೆಟ್ಟಿಗೆಯನ್ನು ತಂದರು. ಆ ಪೆಟ್ಟಿಗೆಯಲ್ಲಿ ಸುಮಾರು 800 ಹರ್ಟ್ಜ್‌ಗಿಂತ ಮೇಲಿನ ಧ್ವನಿ ತಿರುಗುವ ಹಾರ್ನಿಗೆ ಹೋಗುತ್ತದೆ. ಅದಕ್ಕಿಂತ ಕೆಳಗಿನದು, ಕೆಳಮುಖವಾಗಿ ಕೂರಿಸಿದ 15 ಇಂಚಿನ ಸ್ಪೀಕರಿನಿಂದ ಹೊರಟು, ಅದರಡಿ ತಿರುಗುವ ಡ್ರಮ್ಮಿನ ಮೂಲಕ ಹೊರಬರುತ್ತದೆ. ಹಾರ್ನಿನಲ್ಲಿ ಎರಡು ಬಾಯಿ ಕಂಡರೂ ಧ್ವನಿ ಬರುವುದು ಒಂದರಿಂದ ಮಾತ್ರ, ಇನ್ನೊಂದು ತೂಕದ ಸಮತೋಲಕ್ಕಾಗಿ ಇದೆ. ಫಾಸ್ಟ್‌ನಲ್ಲಿ ಹಾರ್ನ್ ನಿಮಿಷಕ್ಕೆ ಸುಮಾರು 400 ಸುತ್ತು ತಿರುಗಿದರೆ, ಡ್ರಮ್ 340ರ ಆಸುಪಾಸಿನಲ್ಲಿ, ಅದೂ ವಿರುದ್ಧ ದಿಕ್ಕಿನಲ್ಲಿ ತಿರುಗುತ್ತದೆ.

ನನ್ನ ಹೋಲಿಕೆಯಲ್ಲಿ ಎಲ್ಲಕ್ಕಿಂತ ಹೆಚ್ಚು ವ್ಯತ್ಯಾಸ ಕಂಡದ್ದು ವೇಗದಲ್ಲಲ್ಲ, ಒಂದು ವೇಗದಿಂದ ಇನ್ನೊಂದಕ್ಕೆ ಏರುವ ಮತ್ತು ಇಳಿಯುವ ಅವಧಿಯಲ್ಲಿ. ನನ್ನ ಕೀಬೋರ್ಡಿನ ಮೂಲ ಹೊಂದಿಕೆಯಲ್ಲಿ ಹಾರ್ನ್ ಮತ್ತು ಡ್ರಮ್ ಬಹುತೇಕ ಒಟ್ಟೊಟ್ಟಿಗೆ ವೇಗ ಹಿಡಿಯುತ್ತವೆ. ಬಟನ್ ಒತ್ತಿದ ಕೂಡಲೇ ಇಡೀ ಧ್ವನಿ ಒಂದೇ ಸಲ ನಡುಗತೊಡಗುತ್ತದೆ. ನಿಜವಾದ ಪೆಟ್ಟಿಗೆಯಲ್ಲಿ ಹಾಗಾಗುವುದಿಲ್ಲ. ಹಗುರವಾದ ಹಾರ್ನ್ ಒಂದೆರಡು ಸೆಕೆಂಡಿನಲ್ಲಿ ವೇಗಕ್ಕೆ ಬರುತ್ತದೆ, ಭಾರವಾದ ಡ್ರಮ್ ನಿಧಾನವಾಗಿ, ನಾಲ್ಕೈದು ಸೆಕೆಂಡು ತೆಗೆದುಕೊಂಡು, ಅದನ್ನು ಸೇರಿಕೊಳ್ಳುತ್ತದೆ. ಡ್ರಮ್ಮಿನ ಏರುವ ಅವಧಿಯನ್ನು ಐದು ಸೆಕೆಂಡಿಗೆ ಹಿಗ್ಗಿಸಿ, ಹಾರ್ನಿನದನ್ನು ಒಂದು ಸೆಕೆಂಡಿನ ಹತ್ತಿರ ಇಟ್ಟಾಗ, ಕೀರ್ತನೆಯೊಂದರ ಕೊನೆಯ ಚರಣದಲ್ಲಿ ಹಿಡಿದ ಸ್ವರಗುಚ್ಛ ಮೇಲಿನಿಂದ ಕೆಳಗೆ ಹಂತಹಂತವಾಗಿ ಜೀವ ತಳೆದಂತೆ ಕೇಳಿಸಿತು. ಈ ಒಂದು ಬದಲಾವಣೆಗೆ ಮೂಲ ಹೊಂದಿಕೆ ಸಾಟಿಯೇ ಅಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಆದರೆ ಈ ವ್ಯತ್ಯಾಸವನ್ನು ಅಳೆಯುವಾಗ ಡ್ರಾಬಾರ್‌ಗಳು ಎಲ್ಲಿವೆ ಎಂಬುದನ್ನು ನೋಡಿಕೊಳ್ಳಲೇಬೇಕು. ಮಧ್ಯದ ಸಿ ಸ್ವರದ ಕಂಪನ 262 ಹರ್ಟ್ಜ್. ಅದನ್ನು ಒತ್ತಿ ಮೊದಲ ಮೂರು ಡ್ರಾಬಾರ್‌ಗಳನ್ನು ಮಾತ್ರ ಪೂರ್ತಿ ಎಳೆದರೆ ಹೊರಡುವ ಧ್ವನಿಗಳು 131, 392 ಮತ್ತು 262 ಹರ್ಟ್ಜ್. ಮೂರೂ 800ರ ಕೆಳಗಿನವು, ಅಂದರೆ ಮೂರೂ ಡ್ರಮ್ಮಿನ ಪಾಲು. ನಾಲ್ಕನೆಯ ಡ್ರಾಬಾರ್ ಕೂಡ 523ರಲ್ಲಿ ನಿಲ್ಲುತ್ತದೆ, ಐದನೆಯದು 785ರಲ್ಲಿ ಗಡಿಯ ಮೇಲೆ ಕೂರುತ್ತದೆ, ಆರರಿಂದ ಒಂಬತ್ತರವರೆಗಿನವು ಮಾತ್ರ ನಿಚ್ಚಳವಾಗಿ ಹಾರ್ನಿಗೆ ಸೇರುತ್ತವೆ. ಆದ್ದರಿಂದ ಮೂರೇ ಡ್ರಾಬಾರ್ ಎಳೆದು ಮಧ್ಯದ ಸಪ್ತಕದಲ್ಲಿ ನುಡಿಸುತ್ತ, ಹಾರ್ನಿನ ಅಂಕಿಗಳನ್ನು ಎಷ್ಟು ತಿರುವಿದರೂ ಕಿವಿಗೆ ಹೆಚ್ಚೇನೂ ತಿಳಿಯುವುದಿಲ್ಲ. ಒಂಬತ್ತನೆಯದನ್ನೂ ಸ್ವಲ್ಪ ಎಳೆದು ಕೇಳಿದರೆ ಅದೇ ಹೊಂದಿಕೆಯ ಗುಣ ತಟ್ಟನೆ ಬಯಲಾಗುತ್ತದೆ.

ಸ್ಲೋ ವೇಗದ ವಿಷಯದಲ್ಲಿಯೂ ಎರಡು ಆಯ್ಕೆಗಳನ್ನು ಪಕ್ಕಪಕ್ಕ ಇಟ್ಟು ಕೇಳಿದೆ. ಹಾರ್ನ್ ಮತ್ತು ಡ್ರಮ್ ಎರಡನ್ನೂ ನಿಮಿಷಕ್ಕೆ 45 ಸುತ್ತಿಗೆ ಕಟ್ಟಿದಾಗ ಅಲೆಗಳು ಸದಾ ಒಂದೇ ಲಯದಲ್ಲಿ ಬಂದು, ದೀರ್ಘ ಪ್ರಾರ್ಥನೆಯ ಹಿನ್ನೆಲೆಯಲ್ಲಿ ಬೇಗ ಬೇಸರ ಹುಟ್ಟಿಸುತ್ತವೆ. ಹಾರ್ನನ್ನು 48ಕ್ಕೂ ಡ್ರಮ್ಮನ್ನು 40ಕ್ಕೂ ಇಟ್ಟರೆ ಎರಡರ ಅಲೆಗಳು ಒಟ್ಟಿಗೆ ಬೀಳುವುದು ಏಳೂವರೆ ಸೆಕೆಂಡಿಗೊಮ್ಮೆ ಮಾತ್ರ. ಧ್ವನಿ ಎಲ್ಲಿಯೂ ನಿಲ್ಲದೆ ಮೆಲ್ಲಗೆ ಹೊರಳುತ್ತಿರುತ್ತದೆ. ಪೇಟಿಯ ಮತ್ತು ನಾಟ್ಯಸಂಗೀತದ ಆರ್ಗನ್‌ನ ಸ್ಥಿರ ಧ್ವನಿಗೆ ಹೊಂದಿಕೊಂಡ ನಮ್ಮ ಭಾಗದ ಕಿವಿಗಳಿಗೆ ಈ ಎರಡನೆಯದೇ ಹಿತವೆನಿಸುತ್ತದೆ ಎಂದು ನಾನು ನಂಬಿದ್ದೇನೆ. ಹಾಡಿನುದ್ದಕ್ಕೂ ಫಾಸ್ಟ್‌ನಲ್ಲಿಯೇ ಬಿಟ್ಟರೆ ಹಿರಿಯರು ಮುಖ ಕಿವುಚುವುದನ್ನು ನೋಡಿದ್ದೇನೆ.

ತಿರುಗುವ ಪೆಟ್ಟಿಗೆಯ ಮುಂದೆ ಇಟ್ಟಂತೆ ಕೀಬೋರ್ಡು ಕಲ್ಪಿಸಿಕೊಳ್ಳುವ ಎರಡು ಮೈಕುಗಳ ದೂರ ಮತ್ತು ಕೋನ ಎಂಬ ಎರಡು ಅಂಕಿಗಳಲ್ಲಿ ಮಾತ್ರ ಚರ್ಚು ಮತ್ತು ಕಾರ್ಯಾಲಯ ಬೇರೆ ಬೇರೆ ಉತ್ತರ ಕೊಟ್ಟವು. ಕಲ್ಲಿನ ಗೋಡೆ ಮತ್ತು ಎತ್ತರದ ಮಾಡಿನ ಚರ್ಚಿನಲ್ಲಿ ಕಟ್ಟಡವೇ ಸಾಕಷ್ಟು ಪ್ರತಿಧ್ವನಿ ಸೇರಿಸುತ್ತದೆ. ಅಲ್ಲಿ ದೂರದ ಮೈಕಿನ ಹೊಂದಿಕೆ ಧ್ವನಿಯನ್ನು ಕಲಸಿಬಿಡುತ್ತದೆ, ಹತ್ತಿರದ್ದೇ ಸ್ಪಷ್ಟ. ಚರ್ಚಿನ ಎರಡು ಬದಿಗೂ ಪ್ರತ್ಯೇಕ ಸ್ಪೀಕರ್ ಇರುವುದರಿಂದ ಎರಡು ಮೈಕುಗಳ ಕೋನವನ್ನು ಅಗಲವಾಗಿ ಇಟ್ಟರೆ ಧ್ವನಿ ಸಭೆಯ ಸುತ್ತ ಸುಳಿದಾಡುತ್ತದೆ. ಕಾರ್ಯಾಲಯದ ಸೌಂಡ್ ಸಿಸ್ಟಮ್‌ನವರು ಸಾಮಾನ್ಯವಾಗಿ ಕೀಬೋರ್ಡಿಗೆ ಒಂದೇ ಕೇಬಲ್ ಕೊಡುತ್ತಾರೆ, ಎಡ ಮತ್ತು ಬಲ ಒಂದಾಗಿ ಹೋಗುತ್ತವೆ. ಹಾರ್ನಿನ ಎದುರುಬದುರು ಇಟ್ಟ ಮೈಕುಗಳಲ್ಲಿ ಒಂದರಲ್ಲಿ ಧ್ವನಿ ಏರುವಾಗ ಇನ್ನೊಂದರಲ್ಲಿ ಇಳಿಯುತ್ತದೆ. ಎರಡನ್ನೂ ಕೂಡಿಸಿದಾಗ ಆ ಏರಿಳಿತ ಬಹುಪಾಲು ಸರಿದೂಗಿ, ಎಫೆಕ್ಟ್ ಹಾಕಿದ್ದೇ ಸಂದೇಹವೆನ್ನುವಷ್ಟು ಮಂಕಾಗುತ್ತದೆ. ಅಲ್ಲಿ ಕೋನವನ್ನು ಪೂರ್ತಿ ಕಿರಿದಾಗಿಸಿ, ಎರಡು ಮೈಕುಗಳನ್ನು ಒಂದೇ ಜಾಗಕ್ಕೆ ತಂದಾಗ ಮಾತ್ರ ಹಳೆಯ ಹಿಂದಿ ಚಿತ್ರಗೀತೆಗಳ ಆರ್ಗನ್ ತುಣುಕುಗಳು ತಬಲಾ ಮತ್ತು ಆಕ್ಟೋಪ್ಯಾಡ್ ನಡುವೆಯೂ ಎದ್ದು ಕೇಳಿಸಿದವು.

ಧ್ವನಿಗೆ ಒರಟುತನ ಸೇರಿಸುವ ಡ್ರೈವ್ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ: ಚರ್ಚಿನಲ್ಲಿ ಸೊನ್ನೆಯ ಹತ್ತಿರ, ಕಾರ್ಯಾಲಯದಲ್ಲಿ ಕಾಲುಭಾಗ.

ಗೆಳೆಯರೊಬ್ಬರಿಂದ ರೋಟರಿಗೆಂದೇ ಮಾಡಿದ ಹೊರಗಿನ ಪೆಡಲ್ ತಂದು, ಕೀಬೋರ್ಡಿನ ಒಳಗಿನ ಎಫೆಕ್ಟನ್ನು ಆರಿಸಿ, ಅದರ ಎದುರಿಗೂ ಇಟ್ಟು ನೋಡಿದೆ. ಮೇಲಿನ ಸ್ವರಗಳ ಸುತ್ತಾಟ ಪೆಡಲಿನಲ್ಲಿ ಇನ್ನಷ್ಟು ಸಹಜವಾಗಿತ್ತು, ಡ್ರೈವ್ ಕೂಡ ಹಳೆಯ ಆಂಪ್ಲಿಫೈಯರಿನ ಬಿಸಿ ವಾಲ್ವಿನ ಗುಣಕ್ಕೆ ಹತ್ತಿರವಾಗಿತ್ತು. ಆದರೆ ಪೆಡಲಿನ ಮುಂದೆ ಕೀಬೋರ್ಡಿನ ಮೂಲ ಹೊಂದಿಕೆಯನ್ನು ಇಟ್ಟಾಗ ಕಂಡ ಅಂತರ, ಡ್ರಮ್ಮಿನ ಅವಧಿ ಮತ್ತು ಮೈಕಿನ ಕೋನ ತಿದ್ದಿದ ಮೇಲೆ ಅರ್ಧಕ್ಕಿಂತ ಕಡಿಮೆಯಾಯಿತು. ಕಾರ್ಯಾಲಯದ ಗದ್ದಲದಲ್ಲಿಯಂತೂ ಎರಡನ್ನೂ ಬೇರ್ಪಡಿಸಿ ಹೇಳುವುದು ನನಗೇ ಕಷ್ಟವಾಯಿತು. ಮನೆಯಲ್ಲಿ ಧ್ವನಿಮುದ್ರಣ ಮಾಡುವವರಿಗೆ ಪೆಡಲ್ ಕೊಂಡ ಹಣ ದಕ್ಕುತ್ತದೆ. ನನ್ನಂತೆ ವೇದಿಕೆಯಿಂದ ವೇದಿಕೆಗೆ ಓಡಾಡುವವರು ಮೊದಲು ಕೀಬೋರ್ಡಿನ ಮೆನುವಿನೊಳಗೆ ಇಳಿದು ಆ ಎರಡು ಅಂಕಿಗಳನ್ನು ತಿದ್ದಲಿ. ಆಮೇಲೂ ಕೊರತೆ ಕೇಳಿಸಿದರೆ ಪೆಡಲಿನ ವಿಚಾರ ಮಾಡಲಿ.